ಹಳೆಯ ಐಸಿಯ ಮಾಯೆ, 47 ಓಮ್‌ನ ಲೆಕ್ಕ

ಹಳೆಯ ಕಾಲದ ಡಿಸ್ಟಾರ್ಷನ್ ಪೆಡಲನ್ನು ಮನೆಯಲ್ಲೇ ಕಟ್ಟಿಕೊಳ್ಳಲು ಹೊರಟ ಗಿಟಾರ್ ವಾದಕರು ಮೊದಲು ವಿಚಾರಿಸುವುದು ಸರ್ಕ್ಯೂಟನ್ನಲ್ಲ, ಐಸಿಯನ್ನು. ಎಲ್‌ಎಂ308 ಎಲ್ಲಿ ಸಿಗುತ್ತದೆ, ಸಿಕ್ಕಿದ್ದು ಅಸಲಿಯೇ ಎಂದು ತಿಳಿಯುವುದು ಹೇಗೆ, ಅದಿಲ್ಲದೆ ಕಟ್ಟಿದರೆ ಆ ನಾದ ಬಂದೀತೇ? ಈ ಅಂಕಣಕ್ಕೆ ಓದುಗರು ಮತ್ತೆ ಮತ್ತೆ ಬರೆದು ಕೇಳುವುದೂ ಇದನ್ನೇ. ಪೆಡಲಿನ ಜೀವವೆಲ್ಲ ಎಂಟು ಕಾಲಿನ ಆ ಒಂದು ಕಪ್ಪು ಚೂರಿನಲ್ಲಿದೆ, ಉಳಿದದ್ದು ಬರೀ ಪರಿಕರ ಎಂಬ ನಂಬಿಕೆ ಈ ಪ್ರಶ್ನೆಗಳ ಹಿಂದಿದೆ. ಆ ಐಸಿಯ ಖ್ಯಾತಿ ಪೂರ್ತಿ ಕಟ್ಟುಕಥೆ ಎಂದು ನಾನು ಹೇಳುವುದಿಲ್ಲ. ಆದರೆ ಖ್ಯಾತಿಗೆ ಕಾರಣವಾದ ಗುಣವನ್ನು ಅಂಕಿಯಲ್ಲಿ ಹಿಡಿಯಬಹುದು. ಹಾಗೆ ಹಿಡಿದ ಮೇಲೆ ಅದನ್ನು ಬೇರೆ ಭಾಗಗಳಿಂದಲೂ ಪಡೆಯಬಹುದು, ಬೇಡವೆನಿಸಿದರೆ ಬದಲಿಸಬಹುದು. ಮನೆಯಲ್ಲಿ ಪೆಡಲ್ ಕಟ್ಟುವುದಕ್ಕೆ ಏನಾದರೂ ಅರ್ಥವಿದ್ದರೆ ಅದು ಈ ಬದಲಿಸುವ ಸ್ವಾತಂತ್ರ್ಯದಲ್ಲಿದೆ. ಹಳೆಯ ಭಾಗವನ್ನು ಬೇಟೆಯಾಡಿ ತಂದು ಹಳೆಯದರ ತದ್ರೂಪು ಮಾಡುವುದರಲ್ಲಿ ಇಲ್ಲ.

ಮಾತು ಗಾಳಿಯಲ್ಲಿ ತೇಲದಿರಲು ಎಲ್‌ಎಂ308 ಇದ್ದ ಒಂದು ಪೆಡಲನ್ನೇ ಹಿಡಿದುಕೊಳ್ಳೋಣ. ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಪ್ರೋಕೋ ಸೌಂಡ್ ಎಂಬ ಕಂಪನಿ ಇತ್ತು. ಅಲ್ಲಿದ್ದ ಸ್ಕಾಟ್ ಬರ್ನ್‌ಹ್ಯಾಮ್ 1970ರ ದಶಕದ ಕೊನೆಗೆ ರೂಪಿಸಿದ ಪೆಡಲ್ ‘ರ‍್ಯಾಟ್’. ಡಿಸ್ಟಾರ್ಷನ್, ಫಿಲ್ಟರ್, ವಾಲ್ಯೂಮ್ ಎಂದು ಅದಕ್ಕೆ ಮೂರೇ ನಾಬ್. ಜೆಫ್ ಬೆಕ್‌ನಂಥ ರಾಕ್ ವಾದಕರು, ಬ್ಲರ್ ತಂಡದ ಗ್ರಹಾಂ ಕಾಕ್ಸನ್, ಜಾಜ್ ಲೋಕದ ಜಾನ್ ಸ್ಕೋಫೀಲ್ಡ್, ಹೀಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಶೈಲಿಯವರೆಲ್ಲ ಅದನ್ನು ಬಳಸಿದ್ದಾರೆ. ಕಲಮಜೂ ಇನ್ನೊಂದು ಕಾರಣಕ್ಕೂ ಗಿಟಾರ್ ಚರಿತ್ರೆಯಲ್ಲಿ ದೊಡ್ಡ ಊರು. ಗಿಬ್ಸನ್ ಕಂಪನಿಯ ಹಳೆಯ ಕಾರ್ಖಾನೆ ಇದ್ದದ್ದು ಅಲ್ಲೇ. ಮಾರುಕಟ್ಟೆಗೆ ಬಂದ ಮೊದಲ ಫಜ್ ಪೆಡಲ್ ಎನ್ನಿಸಿಕೊಂಡ ಮ್ಯಾಸ್ಟ್ರೋ ಫಜ್-ಟೋನನ್ನು 1962ರಲ್ಲಿ ಹೊರತಂದದ್ದು ಇದೇ ಗಿಬ್ಸನ್. ಅದರ ಮೂಲ ಒಂದು ಕೆಟ್ಟ ಉಪಕರಣ. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ ಹಾಡೊಂದರ ಧ್ವನಿಮುದ್ರಣ ನಡೆಯುತ್ತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಹಾಳಾಗಿ, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗೊರಗೊರ ಎಂದಿತು. ಆ ಗೊರಗೊರವನ್ನು ತೆಗೆಯದೆ ಹಾಡಿನಲ್ಲಿ ಉಳಿಸಿಕೊಂಡರು, 1961ರಲ್ಲಿ ಹಾಡು ಗೆದ್ದಿತು. ಅದೇ ಸದ್ದನ್ನು ಬೇಕೆಂದಾಗ ಬರಿಸುವ ಪೆಟ್ಟಿಗೆಯೊಂದನ್ನು ಎಂಜಿನಿಯರ್ ಗ್ಲೆನ್ ಸ್ನಾಡಿ ಮಾಡಿದರು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದ ಮೇಲೆ ಅದರ ಮಾರಾಟಕ್ಕೆ ತಡೆಯೇ ಇರಲಿಲ್ಲ. ಕೆಟ್ಟು ಹೋದದ್ದರಿಂದ ಹುಟ್ಟಿದ ಕಲೆಯಲ್ಲಿ ಭಾಗದ ಕುಲಗೋತ್ರಕ್ಕಿಂತ ಅದು ಹೇಗೆ ಕೆಟ್ಟು ನಡೆಯುತ್ತದೆ ಎಂಬುದೇ ಮುಖ್ಯ. ಇದನ್ನು ಈಗಲೇ ಹೇಳಿಡುತ್ತೇನೆ, ಎಲ್‌ಎಂ308ರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಡಿಸ್ಟಾರ್ಷನ್ ಎಂದರೆ ಅಲೆಯ ತಲೆ ಕತ್ತರಿಸುವುದು. ತಂತಿ ಮೀಟಿದಾಗ ಗಿಟಾರ್ ಪಿಕಪ್ಪಿನಿಂದ ಹೊರಡುವ ವಿದ್ಯುತ್ ಸಂಕೇತ ಬಹಳ ಸಣ್ಣದು, ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಅದನ್ನು ನೂರಾರು ಪಟ್ಟು ಹಿಗ್ಗಿಸಿ, ಇಷ್ಟಕ್ಕಿಂತ ಮೇಲೆ ಏಳಕೂಡದು ಎಂದು ಎರಡು ಡಯೋಡುಗಳಿಂದ ತಡೆದರೆ, ಗುಂಡಗಿದ್ದ ಅಲೆಯ ತುದಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಕಂಪನದ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ಮೇಲು ಕೆಳಗು ಎರಡೂ ಕಡೆ ಒಂದೇ ಮಟ್ಟದಲ್ಲಿ ಕತ್ತರಿಸಿದರೆ ಮುಖ್ಯವಾಗಿ ಇಂಥ ಬೆಸ ಸಂಖ್ಯೆಯ ಉಪಸ್ವರಗಳು. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕತ್ತರಿಸಿದರೆ ಸಮಸಂಖ್ಯೆಯವೂ ಸೇರುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನೆಳೆ ತೂರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಝೇಂಕಾರ ಬರಿಸುವುದೂ ಇದೇ ಬಗೆಯ ಕೆಲಸ: ತಂತಿಯ ಸಹಜ ಓಡಾಟಕ್ಕೆ ಸಣ್ಣ ಅಡ್ಡಿ ಒಡ್ಡಿ ಉಪಸ್ವರ ಎಬ್ಬಿಸುವುದು. ನೂಲು ಯಾವ ಅಂಗಡಿಯದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಎಲ್ಲಿ ನಿಂತಿದೆ ಎಂದು ನೋಡುತ್ತಾರೆ.

ರ‍್ಯಾಟಿನೊಳಗೆ ಈ ‘ಎಲ್ಲಿ’ ಎಂಬುದನ್ನು ಹೇಳುವ ಅಂಕಿಗಳು ಬೆರಳೆಣಿಕೆಯಷ್ಟು. ಐಸಿಯ ಔಟ್‌ಪುಟ್‌ನಿಂದ ಅದರ ನೆಗೆಟಿವ್ ಇನ್‌ಪುಟ್‌ಗೆ 100 ಕಿಲೋ ಓಮ್‌ನ ಡಿಸ್ಟಾರ್ಷನ್ ನಾಬ್, ಅದರ ಜೊತೆಗೇ 100 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಆ ಇನ್‌ಪುಟ್‌ನಿಂದ ನೆಲಕ್ಕೆ, ಅಂದರೆ ಗ್ರೌಂಡಿಗೆ, ಎರಡು ದಾರಿ. ಒಂದರಲ್ಲಿ 560 ಓಮ್ ಮತ್ತು 4.7 ಮೈಕ್ರೋಫ್ಯಾರಡ್, ಇನ್ನೊಂದರಲ್ಲಿ 47 ಓಮ್ ಮತ್ತು 2.2 ಮೈಕ್ರೋಫ್ಯಾರಡ್. ಮೊದಲ ದಾರಿ ಸುಮಾರು 60 ಹರ್ಟ್ಜ್‌ನಿಂದಲೇ ತೆರೆದುಕೊಳ್ಳುತ್ತದೆ. ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಜ್, ಹಾಗಾಗಿ ವಾದ್ಯದ ಎಲ್ಲ ಸ್ವರಗಳೂ ಈ ದಾರಿಯ ಪಾಲುದಾರರು. ಎರಡನೆಯದು ಸುಮಾರು 1,540 ಹರ್ಟ್ಜ್‌ನ ಮೇಲಷ್ಟೇ ಪೂರ್ತಿ ತೆರೆಯುವ, ಟ್ರೆಬಲ್‌ಗೆಂದೇ ಕೊಟ್ಟ ದಾರಿ. ಮೊದಲ ದಾರಿ ಮಾತ್ರ ಇದ್ದಿದ್ದರೆ ನಾಬ್ ಪೂರ್ತಿ ತಿರುಗಿಸಿದಾಗ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಸುಮಾರು 180 ಪಟ್ಟು. ಎರಡೂ ಸೇರಿದರೆ ಅದು 2,300 ಪಟ್ಟು ಮೀರುತ್ತದೆ, ಎಂಜಿನಿಯರುಗಳ ಭಾಷೆಯಲ್ಲಿ 67 ಡೆಸಿಬೆಲ್. ವೋಲ್ಟಿನ ಹತ್ತನೇ ಒಂದು ಭಾಗವನ್ನು ಅಷ್ಟು ಹಿಗ್ಗಿಸಿದರೆ 230 ವೋಲ್ಟ್ ಆಗಬೇಕು. ಪೆಟ್ಟಿಗೆಯಲ್ಲಿರುವುದು ಒಂಬತ್ತು ವೋಲ್ಟಿನ ಬ್ಯಾಟರಿ. ಅಂದರೆ ಡಯೋಡುಗಳನ್ನು ಮುಟ್ಟುವ ಮೊದಲೇ ಅಲೆ ಐಸಿಯ ಸೂರಿಗೆ ತಲೆ ತಾಗಿಸಿಕೊಂಡು ನಜ್ಜುಗುಜ್ಜಾಗಿರುತ್ತದೆ. ಆಮೇಲೆ ಎರಡು 1ಎನ್914 ಸಿಲಿಕಾನ್ ಡಯೋಡುಗಳು ಅದನ್ನು 0.6 ವೋಲ್ಟಿನ ಆಸುಪಾಸಿಗೆ ತಗ್ಗಿಸುತ್ತವೆ, ಫಿಲ್ಟರ್ ನಾಬ್ ಚೂಪು ಕಳೆಯುತ್ತದೆ, ಕೊನೆಗೊಂದು ಟ್ರಾನ್ಸಿಸ್ಟರ್ ಹೊರಗೆ ದಾಟಿಸುತ್ತದೆ. ಸರ್ಕ್ಯೂಟ್ ಇಷ್ಟೇ.

ಈಗ ಐಸಿ. ಎಲ್‌ಎಂ308 ಹುಟ್ಟಿದ್ದು ಸಂಗೀತಕ್ಕಲ್ಲ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿ ಬಾಬ್ ವಿಡ್ಲರ್ ರೂಪಿಸಿದ ಎಲ್‌ಎಂ108ರ ಅಗ್ಗದ ರೂಪ ಅದು. ಅಳತೆಯ ಉಪಕರಣಗಳಲ್ಲಿ ನಿಧಾನವಾಗಿ ಬದಲಾಗುವ ಅತಿ ಸಣ್ಣ ವೋಲ್ಟೇಜುಗಳನ್ನು ತಪ್ಪಿಲ್ಲದೆ ಹಿಗ್ಗಿಸುವುದು ಅದಕ್ಕೆ ಒಪ್ಪಿಸಿದ ಕೆಲಸ. ನಿಖರತೆ ಅದರ ಹೆಗ್ಗಳಿಕೆ, ವೇಗ ಅದರ ಕೊರತೆ. ಅದರ ಔಟ್‌ಪುಟ್ ಒಂದು ಮೈಕ್ರೋ ಸೆಕೆಂಡಿನಲ್ಲಿ ಏರಬಲ್ಲದ್ದು ಸುಮಾರು 0.3 ವೋಲ್ಟ್ ಮಾತ್ರ. ಇಂದು ಆಡಿಯೋ ಕೆಲಸಕ್ಕೆ ಎಲ್ಲೆಂದರಲ್ಲಿ ಸಿಗುವ ಟಿಎಲ್071 ಅದೇ ಹೊತ್ತಿನಲ್ಲಿ 13 ವೋಲ್ಟ್ ಏರುತ್ತದೆ. ರ‍್ಯಾಟಿನ ನಾದಕ್ಕೆ ಈ ಆಮೆಗತಿಯೇ ಕಾರಣ, ವೇಗದ ಐಸಿ ಹಾಕಿದರೆ ನಾದ ಕರ್ಕಶವಾಗುತ್ತದೆ ಎಂಬುದು ಎಲ್ಲರ ಬಾಯಲ್ಲೂ ಇರುವ ವಿವರಣೆ. ದಿಕ್ಕು ಸರಿ, ಆದರೆ ಲೆಕ್ಕ ಹಾಕಿ ನೋಡಿದರೆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ. ಐಸಿಯ ಔಟ್‌ಪುಟ್ ಕೆಳತುದಿಯಿಂದ ಮೇಲ್ತುದಿಗೆ ಏಳು ವೋಲ್ಟ್ ದಾಟಬೇಕೆಂದರೆ ಎಲ್‌ಎಂ308ಕ್ಕೆ 23 ಮೈಕ್ರೋ ಸೆಕೆಂಡ್ ಬೇಕು, ಟಿಎಲ್071ಕ್ಕೆ ಅರ್ಧ ಮೈಕ್ರೋ ಸೆಕೆಂಡ್ ಸಾಕು. ಅಂತರ ದೊಡ್ಡದೇ. ಆದರೆ ಮುಂದಿನ ಡಯೋಡುಗಳು ಆ ಏಳು ವೋಲ್ಟಿನಲ್ಲಿ ನಡುವಿನ 1.2 ವೋಲ್ಟನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸಿ ಎಸೆಯುತ್ತವೆ. ಆ 1.2 ವೋಲ್ಟ್ ದಾಟಲು ನಿಧಾನದ ಐಸಿಗೂ ನಾಲ್ಕೇ ಮೈಕ್ರೋ ಸೆಕೆಂಡ್. ಮನುಷ್ಯರ ಕಿವಿಯ ಮೇಲ್ಮಿತಿಯಾದ 20,000 ಹರ್ಟ್ಜ್‌ನ ಒಂದು ಅಲೆಗೆ 50 ಮೈಕ್ರೋ ಸೆಕೆಂಡ್ ಹಿಡಿಯುತ್ತದೆ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ ಅಂತೂ ಐದಾರು ಸಾವಿರ ಹರ್ಟ್ಜ್ ದಾಟಿದ ಮೇಲೆ ಕೈಚೆಲ್ಲುತ್ತದೆ. ನಾಲ್ಕು ಮೈಕ್ರೋ ಸೆಕೆಂಡಿನ ಓರೆ ಅಂಚನ್ನು ಅಂಥ ಸ್ಪೀಕರಿನ ಮುಂದೆ ಕೂತು ಕೇಳಿ ಗುರುತಿಸುತ್ತೇನೆ ಎನ್ನುವುದು ನಂಬಲು ಕಷ್ಟ.

ಹಾಗಾದರೆ ಐಸಿಗೆ ಐಸಿ ಬದಲಿಸಿದಾಗ ಕೇಳಿಸುವ ವ್ಯತ್ಯಾಸ ಸುಳ್ಳೇ? ಸುಳ್ಳಲ್ಲ, ಅದು ಹುಟ್ಟುವ ಜಾಗ ಬೇರೆ. ಪ್ರತಿ ಆಂಪ್ಲಿಫೈಯರ್ ಐಸಿಗೂ ಒಂದು ಬಂಡವಾಳವಿರುತ್ತದೆ, ಗೇನ್ ಹೆಚ್ಚು ಕೇಳಿದರೆ ಕಂಪನದ ವ್ಯಾಪ್ತಿ ಕಡಿಮೆ ಕೊಡುತ್ತದೆ. ಎರಡರ ಗುಣಲಬ್ಧ ಹೆಚ್ಚುಕಡಿಮೆ ಸ್ಥಿರ. ಎಲ್‌ಎಂ308ರಷ್ಟೇ ನಿಧಾನವಾದ ಓಪಿ07 ಎಂಬ ಐಸಿಯಲ್ಲಿ ಈ ಗುಣಲಬ್ಧ ಸುಮಾರು ಆರು ಲಕ್ಷ ಹರ್ಟ್ಜ್, ಟಿಎಲ್071ರಲ್ಲಿ ಮೂವತ್ತು ಲಕ್ಷ. ರ‍್ಯಾಟಿನ ಟ್ರೆಬಲ್ ದಾರಿ ತೆರೆಯುವ 1,500 ಹರ್ಟ್ಜ್‌ನಲ್ಲಿ ನಿಂತು ಭಾಗಿಸಿ ನೋಡಿ. ನಿಧಾನದ ಐಸಿ ಅಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ 400 ಪಟ್ಟು, ವೇಗದ್ದು 2,000 ಪಟ್ಟು. 3,000 ಹರ್ಟ್ಜ್‌ನಲ್ಲಿ ಒಂದಕ್ಕೆ 200, ಇನ್ನೊಂದಕ್ಕೆ 1,000. ಹಾಗಾಗಿ 2,300 ಎಂಬ ಗೇನ್ ಹಳೆಯ ಪೆಡಲಿನಲ್ಲಿ ಕಾಗದದ ಮೇಲಿನ ಸಂಖ್ಯೆ. ಸರ್ಕ್ಯೂಟ್ ಕೇಳುತ್ತದೆ, ಐಸಿ ಕೊಡುವುದಿಲ್ಲ. ಕೊಡಲಾಗದ ಆ ಟ್ರೆಬಲ್ ಡಯೋಡುಗಳ ಮುಂದೆ ಬಂದು ನಿಲ್ಲುವುದೇ ಇಲ್ಲ, ಹಾಗಾಗಿ ಅದನ್ನು ಕತ್ತರಿಸಿ ಹುಟ್ಟಬಹುದಾಗಿದ್ದ ಕಿರಿಕಿರಿಯ ಉಪಸ್ವರಗಳೂ ಹುಟ್ಟುವುದಿಲ್ಲ. ವೇಗದ ಐಸಿ ಹಾಕಿದಾಗ ನಾದ ಚುಚ್ಚುವುದು ಅದು ‘ಆಧುನಿಕ’ವಾದ್ದರಿಂದಲ್ಲ, ಸರ್ಕ್ಯೂಟ್ ಕೇಳಿದ್ದನ್ನು ಅದು ಪ್ರಾಮಾಣಿಕವಾಗಿ ಕೊಡುವುದರಿಂದ.

ಈ ವಾದವನ್ನು ಪರೀಕ್ಷಿಸುವುದು ಸುಲಭ, ಒಂದು ರೆಸಿಸ್ಟರಿನ ಕಾಲು ಎತ್ತಿದರೆ ಸಾಕು. 47 ಓಮ್‌ನ ದಾರಿಯನ್ನು ಕಡಿದುಬಿಟ್ಟರೆ ಗರಿಷ್ಠ ಗೇನ್ 180ಕ್ಕೆ ಇಳಿಯುತ್ತದೆ. ಆಗ ನಿಧಾನದ ಐಸಿ ಕೂಡ ಕೇಳಿದ್ದನ್ನು 3,300 ಹರ್ಟ್ಜ್‌ವರೆಗೆ ಪೂರ್ತಿ ಕೊಡಬಲ್ಲದು. ಅಲ್ಲಿಂದ ಮೇಲಿನದನ್ನು ಹೇಗಿದ್ದರೂ ಫಿಲ್ಟರ್ ನಾಬ್ ಮತ್ತು ಸ್ಪೀಕರ್ ತಿನ್ನುತ್ತವೆ. ಐಸಿಗಳ ನಡುವಿನ ಅಂತರ ಆಗ ಬಹುಪಾಲು ಕರಗಬೇಕು. ದಾರಿ ಕಡಿಯದೆಯೂ ನೋಡಬಹುದು: ಡಿಸ್ಟಾರ್ಷನ್ ನಾಬನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಂತೆ ಅಂತರವೂ ಇಳಿಯಬೇಕು. ಅಂದರೆ ಯಾವ ಐಸಿ ಎಂಬ ಜಗಳ ನಾಬ್‌ನ ಕೊನೆಯ ತಿರುವಿನ ಜಗಳ. ಅಲ್ಲಿಯೂ ಬೇಕಾಗಿರುವುದು ನಿಧಾನಗತಿಯೇ ಹೊರತು ಎಲ್‌ಎಂ308 ಎಂಬ ಮುದ್ರೆಯಲ್ಲ. ತಯಾರಕರೇ ಇದಕ್ಕೆ ಸಾಕ್ಷಿ ಒದಗಿಸಿದ್ದಾರೆ. ಎಲ್‌ಎಂ308 ಸಿಗುವುದು ಕಷ್ಟವಾದ ಮೇಲೆ, ಎರಡು ಸಾವಿರದ ದಶಕದ ಆರಂಭದಲ್ಲಿ, ಅವರು ರ‍್ಯಾಟ್ 2ರಲ್ಲಿ ಕೂರಿಸಿದ್ದು ವೇಗದ ಟಿಎಲ್071 ಅಲ್ಲ, ನಿಧಾನದ ಓಪಿ07. ಮನೆಯಲ್ಲಿ ಕಟ್ಟುವವರಿಗೆ ಇನ್ನೂ ಒಂದು ದಾರಿ ಇದೆ. ಹಳೆಯ ಎಲ್‌ಎಂ301 ಐಸಿಯ ವೇಗವನ್ನು ನಿಗದಿ ಮಾಡುವುದು ಹೊರಗಿನಿಂದ, 1 ಮತ್ತು 8ನೇ ಕಾಲುಗಳ ನಡುವೆ ಹಾಕುವ ಕೆಪಾಸಿಟರ್. ಎಲ್‌ಎಂ308ದೂ ಅದೇ ಕಾಲುಗಳು, ಅದೇ ಏರ್ಪಾಟು. ಅಲ್ಲಿ 30 ಪಿಕೋಫ್ಯಾರಡ್ ಇದ್ದರೆ 301ರ ವೇಗ ಮೈಕ್ರೋ ಸೆಕೆಂಡಿಗೆ ಅರ್ಧ ವೋಲ್ಟಿನ ಆಸುಪಾಸು. 50ಕ್ಕೆ ಏರಿಸಿದರೆ 308ರ ನೆರೆಗೆ ಬರುತ್ತದೆ, ಇನ್ನೂ ಏರಿಸಿದರೆ ಅದಕ್ಕಿಂತ ನಿಧಾನ. ಯಾವ ಅಸಲಿ ರ‍್ಯಾಟಿನಲ್ಲೂ ಇರದ ನಿಧಾನವನ್ನು ಹೀಗೆ ಒಂದು ಪುಟ್ಟ ಸಿರಾಮಿಕ್ ಕೆಪಾಸಿಟರಿನಿಂದ ಪಡೆಯಬಹುದಾದರೆ, ಮೇಲಿನ ಹೆಸರು ಉಜ್ಜಿ ಬೇರೆ ಹೆಸರು ಒತ್ತಿದ ನಕಲಿ 308ಗಳಿಗೆ ದುಡ್ಡು ಸುರಿಯುವುದು ಯಾಕೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಕಿವಿಯದು. ‘ಲೆಕ್ಕ ಏನಾದರೂ ಹೇಳಲಿ, ಹಳೆಯದರಲ್ಲಿ ಬೇರೆಯೇ ಒಂದು ಹಿತವಿದೆ, ನನಗೆ ಕೇಳಿಸುತ್ತದೆ’ ಎನ್ನುವವರನ್ನು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ನಾದದ ವಿಚಾರದಲ್ಲಿ ಕಿವಿಗಿಂತ ದೊಡ್ಡ ನ್ಯಾಯಾಲಯ ಇಲ್ಲ. ಆದರೆ ಆ ನ್ಯಾಯಾಲಯದಲ್ಲೂ ಸಾಕ್ಷ್ಯಕ್ಕೆ ನಿಯಮಗಳಿರಬೇಕು. ಎರಡು ಪೆಡಲುಗಳಲ್ಲಿ ಒಂದು ಕೊಂಚ ಜೋರಾಗಿದ್ದರೂ ಅದೇ ಚೆನ್ನಾಗಿದೆ ಎನ್ನಿಸುವುದು ಎಲ್ಲ ಕಿವಿಗಳ ಸ್ವಭಾವ. ಆದ್ದರಿಂದ ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಬೇಕು. ಯಾವುದು ಓಡುತ್ತಿದೆ ಎಂದು ಕೇಳುವವರಿಗೆ ಗೊತ್ತಿರಬಾರದು, ಬದಲಿಸುವ ಕೆಲಸ ಇನ್ನೊಬ್ಬರ ಕೈಯಲ್ಲಿರಬೇಕು. ನಾಬ್‌ಗಳ ಮೇಲಿನ ಗುರುತು ನಂಬಿ ‘ಎರಡೂ ಹನ್ನೆರಡು ಗಂಟೆಗೆ’ ಎಂದು ಇಟ್ಟರೆ ಸಾಲದು, ಯಾಕೆಂದರೆ ನಾಬ್‌ಗಳ ಕೆಳಗಿನ ಪಾಟ್‌ಗಳ, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರುಗಳ, ಮೌಲ್ಯವೇ ಶೇ 20ರಷ್ಟು ಆಚೀಚೆ ಇರುತ್ತದೆ. ಮನೆಯಲ್ಲಿ ಕಟ್ಟಿದ ಪೆಡಲಿನ ದೊಡ್ಡ ಅನುಕೂಲ ಇಲ್ಲೇ ಇರುವುದು. ಐಸಿಯನ್ನು ನೇರವಾಗಿ ಸಾಲ್ಡರ್ ಮಾಡದೆ ಎಂಟು ಕಾಲಿನ ಸಾಕೆಟ್ ಹಾಕಿ, 30 ಪಿಕೋಫ್ಯಾರಡನ್ನೂ ಕಳಚುವಂತೆ ಇಟ್ಟರೆ, ಉಳಿದ ಭಾಗವೆಲ್ಲ ಅದದೇ ಇದ್ದು ಐಸಿ ಒಂದೇ ಬದಲಾಗುತ್ತದೆ. ಇಷ್ಟು ಶುದ್ಧವಾದ ಹೋಲಿಕೆಯನ್ನು ಹಳೆಯದೊಂದು ಹೊಸದೊಂದು ಪೆಡಲ್ ಕೊಂಡು ಪಕ್ಕಪಕ್ಕ ಇಟ್ಟವರು ಎಂದೂ ಮಾಡಲಾರರು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಐಸಿ ಬಿಡಿ, ನಲವತ್ತು ವರ್ಷ ಹಳೆಯ ಕೆಪಾಸಿಟರು, ಕಾರ್ಬನ್ ರೆಸಿಸ್ಟರುಗಳಲ್ಲಿ ವಯಸ್ಸು ಮಾಡಿದ ಮಾಗುವಿಕೆ ಇದೆಯಲ್ಲ, ಅದನ್ನು ಹೊಸ ಭಾಗ ಹೇಗೆ ಕೊಟ್ಟೀತು? ವಯಸ್ಸು ಭಾಗಗಳನ್ನು ಬದಲಿಸುವುದು ನಿಜ. ಎಲೆಕ್ಟ್ರೋಲಿಟಿಕ್ ಕೆಪಾಸಿಟರು ಒಣಗುತ್ತದೆ, ಮೌಲ್ಯ ಜಾರುತ್ತದೆ. ಆದರೆ ಜಾರಿದ್ದರಿಂದ ಏನಾಯಿತು ಎಂದೂ ಕೇಳಬೇಕಲ್ಲ? 4.7 ಮೈಕ್ರೋಫ್ಯಾರಡ್ ಶೇ 20ರಷ್ಟು ಆಚೀಚೆ ಹೋದರೆ ಮೊದಲ ದಾರಿ ತೆರೆಯುವ ಗಡಿ 60 ಹರ್ಟ್ಜ್‌ನಿಂದ 50ಕ್ಕೋ 75ಕ್ಕೋ ಸರಿಯುತ್ತದೆ; ಎರಡೂ ಗಿಟಾರಿನ ಅತಿ ಕೆಳಗಿನ ಸ್ವರಕ್ಕಿಂತ ಕೆಳಗೇ. 2.2 ಮೈಕ್ರೋಫ್ಯಾರಡ್ ಜಾರಿದರೆ 1,540 ಎಂಬುದು ಸುಮಾರು 1,280ರಿಂದ 1,920ರ ನಡುವೆ ಎಲ್ಲೋ ನಿಲ್ಲುತ್ತದೆ. ಇದು ಕೇಳಿಸಬಹುದು, ಒಪ್ಪುತ್ತೇನೆ. ಆದರೆ ಕಾರ್ಖಾನೆಯಿಂದ ಹೊರಬಿದ್ದ ದಿನವೇ ಒಂದೊಂದು ಪೆಡಲಿನಲ್ಲೂ ಈ ಅಂಕಿ ಒಂದೊಂದು ಥರ ಇತ್ತು, ಯಾಕೆಂದರೆ ಆ ಕಾಲದ ಎಲೆಕ್ಟ್ರೋಲಿಟಿಕ್‌ಗಳ ಮೇಲೆ ಬರೆದ ಮೌಲ್ಯ ಅಂದಾಜಿನದು. ಹಾಗಿರುವಾಗ ‘ಅಸಲಿ ವಿಂಟೇಜ್ ನಾದ’ ಎಂದು ಒಂದೇ ನಾದವನ್ನು ತೋರಿಸುವುದಕ್ಕೆ ಆಗುವುದಿಲ್ಲ. ಇರುವುದು ಒಂದು ಹರಹು. ಆ ಹರಹಿನಲ್ಲಿ ತನಗೆ ಒಗ್ಗುವ ಬಿಂದುವನ್ನು ಆರಿಸಿಕೊಳ್ಳಲು ಹಳೆಯ ಪೆಡಲ್ ಕೊಂಡವರಿಗೆ ಅದೃಷ್ಟ ಬೇಕು, ಮನೆಯಲ್ಲಿ ಕಟ್ಟಿದವರಿಗೆ ಒಂದು ರೂಪಾಯಿಯದೋ ಎರಡು ರೂಪಾಯಿಯದೋ ಬಿಡಿಭಾಗ ಸಾಕು. 47 ಓಮ್ ಇರುವ ಜಾಗದಲ್ಲಿ 1 ಕಿಲೋ ಓಮ್‌ನ ಒಂದು ಪಾಟ್ ಸಾಲಾಗಿ ಸೇರಿಸಿದರೆ ಟ್ರೆಬಲ್ ದಾರಿಯೇ ನಾಲ್ಕನೆಯ ನಾಬ್ ಆಗುತ್ತದೆ. ಒಂದು ತುದಿಯಲ್ಲಿ ಹಳೆಯ ರ‍್ಯಾಟ್, ಇನ್ನೊಂದು ತುದಿಯಲ್ಲಿ ದಪ್ಪನೆಯ, ಮೆತ್ತನೆಯ ಓವರ್‌ಡ್ರೈವ್. ನನ್ನ ಮಟ್ಟಿಗೆ ಈ ಪೆಡಲಿಗೆ ಮಾಡಬಹುದಾದ ಮಾರ್ಪಾಡುಗಳಲ್ಲಿ ಇದರಷ್ಟು ಕಡಿಮೆ ಖರ್ಚಿಗೆ ಇಷ್ಟು ಕೊಡುವುದು ಬೇರೆ ಇಲ್ಲ.

ಡಯೋಡುಗಳದ್ದು ಎರಡನೆಯ ಸ್ಥಾನ. ಸಿಲಿಕಾನ್ 0.6 ವೋಲ್ಟಿನಲ್ಲಿ ಕತ್ತರಿಸಿದರೆ, ಕೆಂಪು ಎಲ್‌ಇಡಿ ಸುಮಾರು 1.7ರಲ್ಲಿ. ಹಾಗಾಗಿ ಎಲ್‌ಇಡಿ ಹಾಕಿದಾಗ ಸದ್ದು ಜೋರು, ಕತ್ತರಿಸುವುದು ತಡ, ಬೆರಳ ಒತ್ತಡಕ್ಕೆ ಸ್ಪಂದನ ಹೆಚ್ಚು. ತಯಾರಕರ ‘ಟರ್ಬೋ ರ‍್ಯಾಟ್’ ಇದೇ ಮಾರ್ಪಾಡು. ಜರ್ಮೇನಿಯಂ ಡಯೋಡು 0.3 ವೋಲ್ಟಿನ ಹತ್ತಿರವೇ ಶುರು ಮಾಡುತ್ತದೆ, ಕತ್ತರಿಸುವ ಅಂಚೂ ಮೊಂಡು. ಅವರ ‘ಯೂ ಡರ್ಟಿ ರ‍್ಯಾಟ್’ ಅದರದ್ದು. ನಮ್ಮಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳ ಡಿಟೆಕ್ಟರ್ ಭಾಗದಲ್ಲಿ ಓಎ79ರಂಥ ಜರ್ಮೇನಿಯಂ ಡಯೋಡುಗಳೇ ಇರುತ್ತಿದ್ದವು. ಅಟ್ಟದ ಮೇಲೆ ಸತ್ತು ಮಲಗಿದ ರೇಡಿಯೋ ಇದ್ದವರು ಬಿಚ್ಚಿ ನೋಡಬಹುದು. ನಡುವೆ ‘ಆಫ್’ ಇರುವ ಒಂದು ಟಾಗಲ್ ಸ್ವಿಚ್ ಹಾಕಿದರೆ ಒಂದು ಕಡೆ ಸಿಲಿಕಾನ್, ಇನ್ನೊಂದು ಕಡೆ ಎಲ್‌ಇಡಿ, ನಡುವೆ ಡಯೋಡೇ ಇಲ್ಲ. ಈ ನಡುವಿನ ಸ್ಥಾನ ನನ್ನ ವಾದಕ್ಕೂ ಉಪಯೋಗಿ. ಡಯೋಡು ಇಲ್ಲದಾಗ ಐಸಿಯ ಪೂರ್ತಿ ಏಳು ವೋಲ್ಟಿನ ಓಡಾಟ ಹೊರಗೆ ಬರುತ್ತದೆ, ಆಗ 23 ಮೈಕ್ರೋ ಸೆಕೆಂಡಿನ ಓರೆ ಅಂಚೂ ಹಾಗೇ ಹೊರಗೆ ಬರುತ್ತದೆ. ಐಸಿಯ ಏರುವ ವೇಗ ಕೇಳಿಸಬೇಕಾದರೆ ಇಲ್ಲಿ ಕೇಳಿಸಬೇಕು. ಇದರ ಜೊತೆಗೆ ಒಂದು ಎಚ್ಚರಿಕೆ: ಒಂಬತ್ತರ ಬದಲು 18 ವೋಲ್ಟ್ ಕೊಟ್ಟರೆ ನಾದ ಅರಳುತ್ತದೆ ಎಂದು ಹಲವರು ನಂಬುತ್ತಾರೆ. ಸಿಲಿಕಾನ್ ಡಯೋಡು ಇರುವವರೆಗೆ ಹೊರಗೆ ಬರುವುದು ಅದೇ 0.6 ವೋಲ್ಟ್, ಒಳಗೆ ಎಷ್ಟಿದ್ದರೇನು? 16 ವೋಲ್ಟಿನ ಕೆಪಾಸಿಟರ್ ಹಾಕಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ, ಅದೂ ಮೂಗಿಗೆ.

‘ಇಷ್ಟೆಲ್ಲ ಯಾಕೆ, ಕೊಂಡರಾಯಿತಲ್ಲ’ ಎನ್ನುವವರಿಗೆ ನಾನು ವಿರೋಧಿಯಲ್ಲ. ಮನೆಯಲ್ಲಿ ಕಟ್ಟಿದರೆ ಅಗ್ಗ ಎಂಬ ಮಾತು ನಂಬಿ ಹೊರಟವರಿಗೆ ನಿರಾಶೆ ಖಾತ್ರಿ. ರೆಸಿಸ್ಟರು, ಕೆಪಾಸಿಟರುಗಳ ಒಟ್ಟು ಬೆಲೆ ಒಂದು ಊಟದ ಖರ್ಚೂ ಆಗಲಿಕ್ಕಿಲ್ಲ. ಹಣ ಹೋಗುವುದು ಅಲ್ಯೂಮಿನಿಯಂ ಪೆಟ್ಟಿಗೆ, ಕಾಲಿನಿಂದ ಒತ್ತುವ ಸ್ವಿಚ್, ಒಳ್ಳೆಯ ಜಾಕ್‌ಗಳಿಗೆ. ಸಾಲ್ಡರಿಂಗ್ ಐರನ್, ಮಲ್ಟಿಮೀಟರ್ ಮೊದಲೇ ಇಲ್ಲದಿದ್ದರೆ ಅವೂ ಸೇರುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ವೆರೋ ಬೋರ್ಡಿನಿಂದ ಹಿಡಿದು ಸಾಕೆಟ್‌ವರೆಗೆ ಕೈಗೆ ಸಿಗುತ್ತದೆ, ಗಿಟಾರಿಗೇ ಮೀಸಲಾದ ಕೆಲವು ಭಾಗಗಳಿಗೆ ಮಾತ್ರ ಅಂಚೆಯನ್ನು ಕಾಯಬೇಕು. ಕಂಪ್ಯೂಟರಿನಲ್ಲೇ ರ‍್ಯಾಟಿನಂತೆ ಕೇಳಿಸುವ ಸಾಫ್ಟ್‌ವೇರ್ ಇದೆ, ಒಳ್ಳೆಯವೂ ಇವೆ. ನಾದ ಒಂದೇ ಗುರಿಯಾದರೆ ಅವು ಸಾಕು. ಆದರೆ ಅವುಗಳಲ್ಲಿ ತಯಾರಕರು ಕೊಟ್ಟ ನಾಬ್‌ಗಳನ್ನಷ್ಟೇ ತಿರುಗಿಸಬಹುದು, 560 ಓಮ್‌ಗೆ ಕೈ ಹಾಕಲಾಗದು. ಕಟ್ಟುವ ಕೆಲಸದಲ್ಲಿ ಈ ಪೆಡಲ್ ಬಹುಮಟ್ಟಿಗೆ ಕ್ಷಮಾಶೀಲ, ಒಂದೆರಡು ವಿಚಾರ ಬಿಟ್ಟು. ಗೇನ್ ಇಷ್ಟಿರುವಾಗ ಒಳಬರುವ ತಂತಿಯೂ ಹೊರಹೋಗುವ ತಂತಿಯೂ ಹತ್ತಿರ ಹಾದರೆ ಪೆಡಲ್ ತಾನೇ ಶಿಳ್ಳೆ ಹೊಡೆಯಲು ಶುರು ಮಾಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಮನೆಯ 50 ಹರ್ಟ್ಜ್ ಕರೆಂಟಿನ ಗುಂಯ್ ಎನ್ನುವ ಸದ್ದೂ ಹಿಗ್ಗಿ ಬರುತ್ತದೆ, ಲೋಹದ ಪೆಟ್ಟಿಗೆಗೆ ಗ್ರೌಂಡ್ ಕೊಡಲೇಬೇಕು. ಸಾಮಾನ್ಯ ಅಡಾಪ್ಟರುಗಳಲ್ಲಿ ಪಿನ್ನಿನ ಒಳಭಾಗ ಪಾಸಿಟಿವ್, ಗಿಟಾರ್ ಪೆಡಲುಗಳ ರೂಢಿಯಲ್ಲಿ ಅದು ನೆಗೆಟಿವ್. ತಲೆಕೆಳಗಾದಾಗ ಐಸಿ ಉಳಿಯಲು 1ಎನ್4001 ಡಯೋಡೊಂದು ಕಾವಲಿಗಿರಲಿ. ಹೊಗೆ ಹೊರಹೋಗಲು ಕಿಟಕಿ ತೆರೆದು ಕೆಲಸ ಮಾಡಬೇಕು, ಸಾಲ್ಡರಿನಲ್ಲಿ ಸೀಸ ಇರಬಹುದಾದ್ದರಿಂದ ಕೈ ತೊಳೆದು ಊಟಕ್ಕೆ ಕೂರಬೇಕು.

ಇನ್ನೊಬ್ಬರ ಸರ್ಕ್ಯೂಟ್ ನಕಲು ಮಾಡುವುದು ಕಳವಲ್ಲವೇ ಎಂದೂ ಕೇಳುವವರಿದ್ದಾರೆ. ಪೇಟೆಂಟಿನ ಆಯುಷ್ಯ ನಮ್ಮಲ್ಲಿ 20 ವರ್ಷ. 1970ರ ದಶಕದ ಸರ್ಕ್ಯೂಟಿನ ಮೇಲೆ ಅಂಥ ಹಕ್ಕು ಇದ್ದಿದ್ದರೂ ಇಂದು ಉಳಿದಿರುವುದಿಲ್ಲ. ಹೆಸರು ಮತ್ತು ಗುರುತಿನ ಚಿಹ್ನೆಯ ಹಕ್ಕು ಬೇರೆ, ಅದಕ್ಕೆ ಹಾಗೆ ಅಂತ್ಯವಿಲ್ಲ. ಆದ್ದರಿಂದ ತನ್ನ ಬಳಕೆಗೆ ಕಟ್ಟಿಕೊಳ್ಳುವುದಕ್ಕೂ ಕಟ್ಟಿದ್ದರ ಮೇಲೆ ಅವರ ಹೆಸರು ಬರೆದು ಮಾರುವುದಕ್ಕೂ ನಡುವೆ ಗೆರೆ ಸ್ಪಷ್ಟವಾಗಿದೆ. ಅದನ್ನು ಮಸುಕು ಮಾಡುವ ಅಗತ್ಯ ಹವ್ಯಾಸಿಗಳಿಗೆ ಇಲ್ಲ.

ಕೊನೆಗೊಂದು ಮಾರ್ಪಾಡು, ಮಾಡಬೇಡಿ ಎಂದು ಹೇಳುವುದಕ್ಕೆ. ರ‍್ಯಾಟಿನ ಫಿಲ್ಟರ್ ನಾಬ್ ಉಳಿದ ಪೆಡಲುಗಳ ಟೋನ್ ನಾಬಿಗೆ ವಿರುದ್ಧ, ಬಲಕ್ಕೆ ತಿರುಗಿಸಿದಷ್ಟೂ ನಾದ ಮಂಕಾಗುತ್ತದೆ. 100 ಕಿಲೋ ಓಮ್‌ನ ಪಾಟ್, 1.5 ಕಿಲೋ ಓಮ್, 3.3 ನ್ಯಾನೋಫ್ಯಾರಡ್ ಸೇರಿ ಒಂದು ತುದಿಯಲ್ಲಿ 32,000 ಹರ್ಟ್ಜ್‌ವರೆಗೆ ಬಿಟ್ಟರೆ, ಇನ್ನೊಂದು ತುದಿಯಲ್ಲಿ 475ಕ್ಕೆ ಬಾಗಿಲು ಎಳೆಯುತ್ತವೆ. ದಿಕ್ಕು ಸರಿಮಾಡಲು ಪಾಟ್‌ನ ಹೊರಗಿನ ಕಾಲಿನ ತಂತಿಯನ್ನು ಆ ಬದಿಯಿಂದ ಈ ಬದಿಗೆ ಬದಲಿಸುವವರು ಬಹಳ. ಅಲ್ಲಿರುವುದು ‘ಎ’ ಮಾದರಿಯ ಪಾಟ್. ಅದರ ಪ್ರತಿರೋಧ ಮೊದಲ ಅರ್ಧ ತಿರುವಿನಲ್ಲಿ ಸ್ವಲ್ಪವೇ ಏರಿ ಆಮೇಲೆ ಜಿಗಿಯುತ್ತದೆ. ಮೂಲ ದಿಕ್ಕಿನಲ್ಲಿ ಅದರಿಂದಾಗಿಯೇ ನಡು ತಿರುವು ಮೂರು ನಾಲ್ಕು ಸಾವಿರ ಹರ್ಟ್ಜ್‌ನಲ್ಲಿ ನಿಲ್ಲುತ್ತದೆ, ಬದಲಾವಣೆ ಸಮವಾಗಿ ಹಂಚಿಹೋಗುತ್ತದೆ. ತಂತಿ ಬದಲಿಸಿದರೆ ನಡು ತಿರುವಿನಲ್ಲೂ ಐನೂರು ಚಿಲ್ಲರೆ ಹರ್ಟ್ಜ್‌ನಲ್ಲೇ ಕೂತಿರುತ್ತದೆ, ಆಗುವುದೆಲ್ಲ ಕೊನೆಯ ಸ್ವಲ್ಪದರಲ್ಲಿ ಆಗಿ ಮುಗಿಯುತ್ತದೆ. ದಿಕ್ಕು ಬದಲಿಸಲೇಬೇಕೆಂದಿದ್ದರೆ ‘ಸಿ’ ಮಾದರಿಯ 100 ಕಿಲೋ ಓಮ್ ಪಾಟ್ ತರಿಸಿ ಹಾಕಿ. ಅಂಗಡಿಯಲ್ಲಿ ಅದು ಸಿಗದಿದ್ದರೆ ನಾಬ್ ಇದ್ದಂತೆಯೇ ಇರಲಿ, ಎರಡು ದಿನ ನುಡಿಸಿದರೆ ಕೈಗೆ ರೂಢಿಯಾಗುತ್ತದೆ.